ಶೇಂಗಾ ಡಬ್ಬಿಯ ತಳದ ಫೆಬ್ರುವರಿ

ಸಾವಿನ ಕಾಗದವನ್ನು ಮನೆಯೊಳಗೆ ಇಟ್ಟುಕೊಳ್ಳಬಾರದು. ಇದನ್ನು ನಮ್ಮ ಕಡೆ ಯಾರೂ ಕೂರಿಸಿಕೊಂಡು ಕಲಿಸುವುದಿಲ್ಲ, ನೋಡಿ ಕಲಿಯುತ್ತೇವೆ. ನಾನು ಗಜೇಂದ್ರಗಡದಲ್ಲಿ ನಾಲ್ಕನೇ ಇಯತ್ತೆಯಲ್ಲಿದ್ದಾಗ ದೊಡ್ಡಪ್ಪ ತೀರಿಕೊಂಡ ಸುದ್ದಿಯ ಕಾರ್ಡು ಬಂತು. ಎರಡೇ ಸಾಲು. ಅಪ್ಪ ಹೊಸ್ತಿಲ ಹೊರಗೆ ನಿಂತೇ ಓದಿದ. ಅಲ್ಲೇ ನಾಲ್ಕು ತುಂಡು ಮಾಡಿ ಗಟಾರಕ್ಕೆ ಹಾಕಿದ. ತಲೆಯ ಮೇಲೆ ಎರಡು ಕೊಡ ನೀರು ಸುರಿದುಕೊಂಡು ಆಮೇಲೆ ಒಳಗೆ ಬಂದು ಅವ್ವನಿಗೆ ಹೇಳಿದ. ಅದೇ ವರ್ಷ ನನ್ನ ಶಾಲೆ ಮುಗಿಯಿತು. ಅಲ್ಲಿ ಕಲಿತ ಮಗ್ಗಿ ಕೂಡ ಈಗ ಪೂರ್ತಿ ಬರುವುದಿಲ್ಲ. ಆ ಕಾರ್ಡಿನ ಮಾಸಲು ಹಳದಿ ಬಣ್ಣ ಮಾತ್ರ ಇನ್ನೂ ಕಣ್ಣ ಮುಂದಿದೆ.

ನನ್ನ ಹೆಸರು ಓಂಕಾರಪ್ಪ. ಎಪ್ಪತ್ತಮೂರು ವರ್ಷ. ಹುಬ್ಬಳ್ಳಿಯ ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಿದ್ದ ನನ್ನನ್ನು ಲಾಸ್ ಏಂಜಲೀಸಿನ ದಕ್ಷಿಣದ ಆರ್ಟೀಸಿಯಾದ ಒಂದು ಹೋಟೆಲಿನವರು ಕರೆಸಿಕೊಂಡು ಇಪ್ಪತ್ತಾರು ವರ್ಷವಾಯಿತು. ಆಮೇಲೆ ಅದೇ ಅಡುಗೆಮನೆಗೆ ನನ್ನ ತಂಗಿಯ ಮಗ ರುದ್ರಪ್ಪ ಬಂದ. ಅವನ ಹಿಂದೆ ಹೆಂಡತಿ ಮಂಜುಶ್ರೀ ಬಂದಳು. ಮಗಳು ನಿಹಾರಿಕಾ ಇಲ್ಲೇ ಹುಟ್ಟಿದಳು. ರುದ್ರನಿಗೆ ಹನ್ನೆರಡನೇ ವಯಸ್ಸಿನಿಂದ ಸಕ್ಕರೆ ಕಾಯಿಲೆ. ಗುಳಿಗೆಯದ್ದಲ್ಲ, ಸೂಜಿಯದ್ದು. ಹೊತ್ತು ಹೊತ್ತಿಗೆ ಇನ್ಸುಲಿನ್ ಚುಚ್ಚಿಕೊಳ್ಳದಿದ್ದರೆ ಮನುಷ್ಯ ಉಳಿಯುವುದಿಲ್ಲ. ಅವನು ಸೂಜಿ ಮರೆಯಬಾರದೆಂದು ನಾನು ನಾವೆಲ್ಲ ಒಟ್ಟಿಗಿದ್ದ ಮನೆಯ ಅಡುಗೆಕೋಣೆಯ ಕನ್ನಡ ಕ್ಯಾಲೆಂಡರಿಗೆ ದಾರದಲ್ಲಿ ಒಂದು ಪೆನ್ಸಿಲು ಕಟ್ಟಿ, ದಿನದಿನದ ಚೌಕದಲ್ಲಿ 'ರು. ಆತು', ಅಂದರೆ ರುದ್ರನ ಸೂಜಿ ಆಯಿತು, ಎಂದು ಬರೆಯುತ್ತಿದ್ದೆ. ಹಾಗೆ ಶುರುವಾದದ್ದು. ಆಮೇಲೆ ಹಾಲು, ಗ್ಯಾಸು, ಯಾರ ಮನೆಗೆ ಎಷ್ಟು ರೊಟ್ಟಿ, ಯಾರ ಕಾಗದ ಬಂತು, ಎಲ್ಲವೂ ಆ ಚೌಕಗಳಿಗೇ ಬರತೊಡಗಿತು. ತಿಂಗಳು ಮುಗಿದರೆ ಹಾಳೆ ಹರಿದು ಚಟ್ನಿಪುಡಿ ಡಬ್ಬಿಗಳ ತಳಕ್ಕೆ ಹಾಸುವುದು ನನ್ನ ಪದ್ಧತಿ. ಒಳ್ಳೆಯ ದಪ್ಪ ಕಾಗದ, ಎಣ್ಣೆ ಹೀರುತ್ತದೆ.

ಹೋಟೆಲು ಕೈ ಬದಲಾದಾಗ ಹೊಸ ಯಜಮಾನ ರುದ್ರನ ವೀಸಾದ ಕಾಗದವನ್ನು ಮುಂದುವರಿಸಲಿಲ್ಲ. ಎರಡು ಸಾವಿರದ ಇಪ್ಪತ್ತರಲ್ಲಿ ಕರೋನಾ ಬಂದು ಹೋಟೆಲೇ ಮುಚ್ಚಿತು. ನಾನು ಮನೆಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ ಮಾಡಿಕೊಡುತ್ತಿದ್ದೆ. ರುದ್ರ ವಾರಕ್ಕೊಮ್ಮೆ ಕಾರಿನಲ್ಲಿ ಹಾಕಿಕೊಂಡು ಸ್ಯಾನ್ ಡಿಯೇಗೊ ಕಡೆಯ ಕನ್ನಡದವರ ಮನೆಗಳಿಗೆ, ಪೊವೇಗೆ, ಲಾ ಹೋಯಾದ ಪ್ರೊಫೆಸರೊಬ್ಬರ ಮನೆಗೆ ಕೊಟ್ಟು ಬರುತ್ತಿದ್ದ. ಜೂನ್ ಇಪ್ಪತ್ತು, ಶನಿವಾರ. ಕೊಟ್ಟು ತಿರುಗಿ ಬರುವಾಗ ಟೆಮೆಕ್ಯುಲಾಕ್ಕೆ ಮುಂಚಿನ ಹೆದ್ದಾರಿಯ ತಪಾಸಣೆಯಲ್ಲಿ ಗಡಿ ಪೊಲೀಸರು ವೀಸಾ ಇಲ್ಲವೆಂದು ಹಿಡಿದರು. ಅಲ್ಲಿಂದ ಮರುಭೂಮಿಯ ಕಡೆಯ ಒಂದು ಬಂಧನ ಕೇಂದ್ರ. ಒಂಬತ್ತು ವಾರ ಅಲ್ಲಿದ್ದ. ಗಣೇಶ ಚೌತಿಯ ದಿನ ಸತ್ತ.

ಅವನ ಜೊತೆ ಅದೇ ಕೋಣೆಯಲ್ಲಿದ್ದ ಗ್ವಾಟೆಮಾಲದ ಮನುಷ್ಯನೊಬ್ಬ ಬಿಡುಗಡೆಯಾದ ಮೇಲೆ ಹೇಳಿಕೆ ಬರೆದುಕೊಟ್ಟ. ರುದ್ರ ಹನ್ನೊಂದು ತಾಸು ಬಾಗಿಲು ಬಡಿದು ಇನ್ಸುಲಿನ್ ಕೇಳಿದ, ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಅಲ್ಲಿದ್ದ ಯಾರಿಗೂ ತಿಳಿಯದ ಭಾಷೆಯಲ್ಲಿ, ಎಂದು ಅದರಲ್ಲಿದೆ. ಆ ಭಾಷೆ ಯಾವುದೆಂದು ಮಂಜುಗೆ ಯಾರೂ ಹೇಳಬೇಕಾಗಲಿಲ್ಲ.

ಆ ಹನ್ನೊಂದು ತಾಸನ್ನು ಯಾರಾದರೂ ವಿಚಾರಿಸಲಿ ಎಂದು ಅವಳು ಐದು ವರ್ಷ ಅಲೆದಳು. ಮೊದಲು ವಲಸೆ ಇಲಾಖೆಗೆ ಅರ್ಜಿ. ಆಮೇಲೆ ಸ್ಯಾನ್ ಡಿಯೇಗೊದ ಕೋರ್ಟು. ಕಾವಲು ಕಾಯುತ್ತಿದ್ದದ್ದು ಗುತ್ತಿಗೆಯ ಕಂಪನಿ, ಅದರ ತಪ್ಪಿಗೆ ಸರ್ಕಾರವನ್ನು ಕೇಳುವಂತಿಲ್ಲ ಎಂದರು. ಕಂಪನಿಯನ್ನು ಕೇಳಲು ಹೋದರೆ ಅದರ ಅವಧಿ ಮೀರಿತ್ತು. ಪ್ಯಾಸಡೀನಾದ ಮೇಲಿನ ಕೋರ್ಟಿಗೆ ಹೋದಾಗ ನಾನೂ ಜೊತೆಗಿದ್ದೆ. ಮೂವರು ನ್ಯಾಯಾಧೀಶರು ಇಪ್ಪತ್ತು ನಿಮಿಷ ಮಾತಾಡಿದರು. ಮಂಜು ಹೊರಗೆ ಬಂದು, "ಮಾಮಾ, ಇನ್ಸುಲಿನ್ ಅನ್ನೋ ಶಬ್ದ ಒಬ್ರ ಬಾಯಾಗೂ ಬರಲಿಲ್ರಿ" ಎಂದಳು. ಅಲ್ಲೂ ಸೋತೆವು. ಅಷ್ಟರಲ್ಲಿ, ಅಲ್ಲಿಯವರೆಗೆ ಕೇಸು ನಡೆಸಿದ್ದ ನಮ್ಮ ಮುದಿ ವಕೀಲರು ಹಾಸಿಗೆ ಹಿಡಿದು ಆಫೀಸು ಮುಚ್ಚಿದರು. ವಾಷಿಂಗ್ಟನ್ನಿನ ಎಲ್ಲಕ್ಕಿಂತ ದೊಡ್ಡ ಕೋರ್ಟಿಗೆ ಮಂಜು ತನ್ನ ಹೆಸರಿನಲ್ಲೇ ಅರ್ಜಿ ಹಾಕಿದಳು. ಆರ್ಟೀಸಿಯಾದ ವಿಳಾಸ ಕೊಟ್ಟಳು.

ಅರ್ಜಿ ಹಾಕಿದ ಎರಡು ತಿಂಗಳಿಗೆ, ಎರಡು ಸಾವಿರದ ಇಪ್ಪತ್ನಾಲ್ಕರ ಡಿಸೆಂಬರಿನಲ್ಲಿ, ಅವಳಿಗೆ ಪೊವೇಯ ಒಂದು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ ಸಿಕ್ಕಿತು. ಕನ್ನಡದವರೊಬ್ಬರ ಮನೆಯ ಹಿತ್ತಿಲಲ್ಲಿದ್ದ ಎರಡು ಕೋಣೆಗೆ ಬಂದೆವು. ನಮ್ಮ ಪತ್ರಗಳನ್ನು ಹೊಸ ಮನೆಗೆ ಕಳಿಸಿರೆಂದು ಅವಳು ಪೋಸ್ಟಿನವರಿಗೆ ಹೇಳಿದಳು, ಕೋರ್ಟಿನವರಿಗೆ ಹೇಳಲು ಮರೆತಳು.

ಕೋರ್ಟಿನ ಕಾಗದಗಳು ಒಂದು ದಿನವೂ ನಮ್ಮ ಮನೆಯೊಳಗೆ ಬಂದದ್ದಿಲ್ಲ. ಎಲ್ಲವೂ ಒಂದು ರಟ್ಟಿನ ಡಬ್ಬದಲ್ಲಿ ಮಂಜುವಿನ ಕಾರಿನ ಡಿಕ್ಕಿಯಲ್ಲಿರುತ್ತಿದ್ದವು. ಅದು ನಾನು ಹಾಕಿದ ನಿಯಮ, ಅವಳು ಮಾತಾಡದೆ ಒಪ್ಪಿದ್ದಳು. ಆ ಕಾಗದಗಳಲ್ಲಿ ರುದ್ರನ ಹೆಸರಿನ ಪಕ್ಕದಲ್ಲಿ ಯಾವಾಗಲೂ ಒಂದು ಇಂಗ್ಲಿಷ್ ಶಬ್ದ ಇರುತ್ತಿತ್ತು. 'ತೀರಿಕೊಂಡವರು' ಅಂತ ಅದರ ಅರ್ಥ ಮಾಮಾ, ಎಂದು ಅವಳೇ ಒಮ್ಮೆ ಹೇಳಿದ್ದಳು. ನನಗೆ ಓದಲು ಬರುವ ಇಂಗ್ಲಿಷು ಅಡುಗೆಮನೆಯ ಡಬ್ಬಿಗಳ ಮೇಲಿನದು. ಅದರ ಜೊತೆಗೆ ಈ ಒಂದು ಶಬ್ದವೂ ಸೇರಿತು.

ಕಳೆದ ವರ್ಷದ ಶಿವರಾತ್ರಿ ಬುಧವಾರ ಬಿತ್ತು, ಫೆಬ್ರುವರಿ ಇಪ್ಪತ್ತಾರು. ಮಂಜು ಕೆಲಸಕ್ಕೆ ಹೋಗಿದ್ದಳು, ಹುಡುಗಿ ಸ್ಕೂಲಿಗೆ. ನಾನು ಉಪವಾಸ. ಮನೆ ಒರೆಸಿ, ಲಿಂಗಪೂಜೆ ಮುಗಿಸಿ, ಮಧ್ಯಾಹ್ನ ಬೀದಿಯ ಟಪಾಲು ಪೆಟ್ಟಿಗೆಗೆ ಹೋದೆ. ಜಾಹೀರಾತುಗಳನ್ನು ಅಲ್ಲೇ ಬೇರೆ ಮಾಡಿ ಬಿಸಾಡುವುದು ನನ್ನ ಕೆಲಸ. ಅವುಗಳ ನಡುವೆ ಒಂದು ತೆಳು ಲಕೋಟೆ ಇತ್ತು. ಆರ್ಟೀಸಿಯಾದ ವಿಳಾಸದ ಮೇಲೆ ಪೋಸ್ಟಿನವರು ಹಳದಿ ಚೀಟಿ ಅಂಟಿಸಿ ಇಲ್ಲಿಗೆ ಕಳಿಸಿದ್ದರು. ಒಡೆದೆ. ಒಂದೇ ಹಾಳೆ. ಮೇಲೆ ಮಂಜುವಿನ ಹೆಸರು, ರುದ್ರನ ಹೆಸರು, ಪಕ್ಕದಲ್ಲಿ ಆ ಶಬ್ದ. ಕೆಳಗೆ ಎರಡು ಸಾಲು.

ಕೋರ್ಟಿನ ಕಾಗದವೆಂದರೆ ಇಟ್ಟಿಗೆಯಷ್ಟು ದಪ್ಪ ಇರುತ್ತದೆ ಎಂದು ಐದು ವರ್ಷದಲ್ಲಿ ನಾನು ಕಂಡುಕೊಂಡಿದ್ದೆ. ಎರಡು ಸಾಲಿನ ಕಾಗದ ಯಾವುದೆಂದು ನನಗೆ ನಾಲ್ಕನೇ ಇಯತ್ತೆಯಿಂದ ಗೊತ್ತು. ಯಾವುದೋ ಆಫೀಸಿನವರಿಗೆ ರುದ್ರ ಸತ್ತದ್ದು ಈಗ ತಿಳಿದು, ಈಗ ಬರೆದಿದ್ದಾರೆ ಅಂದುಕೊಂಡೆ. ಇಡೋಣವೆಂದರೆ ಕಾರು ಇರಲಿಲ್ಲ. ಒಳಗೆ ದೀಪ ಉರಿಯುತ್ತಿತ್ತು. ಕೈ ತಾನಾಗಿಯೇ ಅದನ್ನು ಹರಿದು ಹಾಕಿತು. ಹಾಳೆ ನಾಲ್ಕು ತುಂಡು, ಲಕೋಟೆ ನಾಲ್ಕು ತುಂಡು. ಕಸದ ಡಬ್ಬಕ್ಕೆ ಹಾಕಿ ಮತ್ತೊಮ್ಮೆ ತಲೆಗೆ ನೀರು ಹಾಕಿಕೊಂಡೆ. ಒಳಗೆ ಬಂದು ಚೌಕದಲ್ಲಿ ಬರೆದೆ.

ಅಪ್ಪ ಹರಿದ, ಮಿಂದ, ಆಮೇಲೆ ಹೇಳಿದ. ನಾನೂ ಸಂಜೆ ಹೇಳಬೇಕೆಂದೇ ಇದ್ದೆ.

ಸಂಜೆ ಮಂಜು ಬಂದಳು. ಬಿಲ್ವಪತ್ರೆ ಸಿಕ್ಕಿರಲಿಲ್ಲ. ಮನೆ ಮಾಲೀಕರ ಹಿತ್ತಿಲ ನಿಂಬೆ ಗಿಡದ ಎಲೆಗಳನ್ನೇ ತೊಳೆದು ತಟ್ಟೆಯಲ್ಲಿ ಇಟ್ಟಿದ್ದೆ. ನಿಹಾರಿಕಾ ಒಂದು ಎಲೆ ಮೂಸಿ ನೋಡಿ, "ಅಜ್ಜಾ, ವಾಟ್ ಇಫ್ ಶಿವ ಈಸ್ ಅಲರ್ಜಿಕ್?" ಅಂದಳು.

"ವಿಷಾನ ಕುಡದಾನವಾ ಅಂವಾ, ನಿಂಬಿ ಎಲಿಗೆ ಏನಾಕ್ಕೈತಿ?" ಅಂದೆ.

ಆಗ ಮಂಜು ನಕ್ಕಳು. ಬಾಯಿಗೆ ಸೆರಗು ಅಡ್ಡ ಹಿಡಿದು, ಗೋಡೆಗೆ ಒರಗಿ ನಕ್ಕಳು. ಗಣೇಶ ಚೌತಿಯ ಆ ದಿನದಿಂದ ಇತ್ತ ನಾನು ಆ ಸದ್ದು ಕೇಳಿರಲಿಲ್ಲ. ಹುಡುಗಿ ಅಂತೂ ತಾಯಿಯನ್ನು ಬೆರಗಾಗಿ ನೋಡುತ್ತ ನಿಂತಿತ್ತು. ಆ ನಗುವಿನ ಎದುರಿಗೆ ರುದ್ರನ ಕಾಗದ ಬಂದಿತ್ತು ಅನ್ನುವ ಮಾತು ನಾನು ತೆಗೆಯಲಿಲ್ಲ. ನಾಳೆ ಹೇಳಿದರಾಯಿತು ಅಂದುಕೊಂಡೆ. ಮರುದಿನ ಪಾರಣೆ. ಅವತ್ತೇ ಅಮಾವಾಸ್ಯೆ ಕೂಡ. ಆಮೇಲೆ ಹೇಳುವಷ್ಟು ದೊಡ್ಡ ಸಂಗತಿ ಅದಲ್ಲ ಅಂತ ನನಗೆ ನಾನೇ ಹೇಳಿಕೊಂಡೆ. ತಿಂಗಳು ಮುಗಿಯಿತು. ಹಾಳೆ ಹರಿದು ಯಾವುದೋ ಡಬ್ಬಿಗೆ ಹಾಕಿದೆ.

ಜುಲೈ ತಿಂಗಳಲ್ಲಿ ಪೊಮೊನಾದಲ್ಲಿ ಕನ್ನಡದವರ ವನಭೋಜನಕ್ಕೆ ರೊಟ್ಟಿ ಮಾಡಿಕೊಡಲು ಹೋದೆವು. ಅಲ್ಲಿ ಒಬ್ಬ ಹೆಣ್ಣುಮಗಳು ನನ್ನ ಒಲೆಯ ಪಕ್ಕದಲ್ಲೇ ನಿಂತು ಮೂರು ರೊಟ್ಟಿ ತಿಂದಳು. ಹೆಸರು ನಿಕಿತಾ. ಬೆಂಗಳೂರಿನ ಜಯನಗರದವಳು, ಲಾಸ್ ಏಂಜಲೀಸಿನ ಒಂದು ಕಾನೂನು ಕಾಲೇಜಿನಲ್ಲಿ ಪಾಠ ಹೇಳುವ ವಕೀಲೆ. ಗತಿ ಇಲ್ಲದವರ ಕೇಸುಗಳನ್ನು ಸುಮ್ಮನೆ ನಡೆಸಿಕೊಡುತ್ತಾಳೆ ಎಂದು ಯಾರೋ ಹೇಳಿದ್ದೇ ತಡ, ಮಂಜು ಕೈ ಒರೆಸಿಕೊಂಡು ಅವಳನ್ನು ಮರದ ಕೆಳಗೆ ಕರೆದುಕೊಂಡು ಹೋದಳು. ನಾನೂ ತವೆ ಇಳಿಸಿ ಹೋಗಿ ಕೂತೆ.

"ದೊಡ್ಡ ಕೋರ್ಟಿಂದ ಇನ್ನೂ ಏನೂ ಬಂದಿಲ್ರಿ ಮೇಡಂ. ಅಲ್ಲೂ ಇಲ್ಲ ಅಂದ್ರ ಮುಂದ ಎಲ್ಲಿಗೆ ಹೋಗೋದು?" ಎಂದು ಮಂಜು ಕೇಳಿದಳು.

"ಉತ್ತರ, ದಕ್ಷಿಣ, ಎರಡೂ ಅಮೆರಿಕದ ದೇಶಗಳು ಸೇರಿ ಮಾಡ್ಕೊಂಡಿರೋ ಒಂದು ಮಾನವ ಹಕ್ಕುಗಳ ಕೋರ್ಟಿದೆ, ಕೋಸ್ಟರಿಕಾದಲ್ಲಿ. ಆದ್ರೆ ಅದರ ಮಾತು ಕೇಳ್ತೀವಿ ಅಂತ ಈ ದೇಶ ಒಪ್ಕೊಂಡಿಲ್ಲ, ಹಾಗಾಗಿ ನಾವು ಅಲ್ಲಿವರೆಗೂ ಹೋಗಕ್ಕಾಗಲ್ಲ. ಅದರ ಜೊತೆ ಒಂದು ಆಯೋಗ ಇದೆ, ವಾಷಿಂಗ್ಟನ್‌ನಲ್ಲಿ. ಅಲ್ಲಿಗೆ ಒಬ್ಬ ಮಾಮೂಲಿ ಮನುಷ್ಯನೂ ಅಪ್ಲೈ ಮಾಡಬಹುದು."

"ಅವರು ಹೇಳಿದ್ದನ್ನ ಸರಕಾರ ಕೇಳ್ತದೇನ್ರಿ?"

ನಿಕಿತಾ ಸುಳ್ಳು ಹೇಳುವವಳಲ್ಲ. "ಕೇಳಲೇಬೇಕು ಅಂತ ಒತ್ತಾಯ ಇಲ್ಲ ಮಂಜುಶ್ರೀ. ಆದ್ರೆ ವಿಚಾರಣೆ ಮಾಡಿ ಬರೀತಾರೆ. ಏನಾಯ್ತು, ಯಾರು ಏನು ಮಾಡಲಿಲ್ಲ, ಎಲ್ಲಾ ಬರೀತಾರೆ."

"ಅಷ್ಟ ಸಾಕ್ರಿ ನನಗ. ಹನ್ನೊಂದು ತಾಸು ಕೂಗಿದ ಅಂತ ಯಾರರ ಒಬ್ರು ದೊಡ್ಡವರು ಕಾಗದದ ಮ್ಯಾಲೆ ಬರೀಲಿ. ಈ ಹುಡುಗಿಗೆ ತೋರಸ್ತೀನಿ."

ಆಗಸ್ಟ್ ಹದಿನೇಳು, ಭಾನುವಾರ ಬೆಳಿಗ್ಗೆ ನಿಕಿತಾ ಪೊವೇಗೆ ಬಂದಳು. ಎರಡು ತಾಸು ಡ್ರೈವ್ ಮಾಡಿಕೊಂಡು ಬಂದವಳಿಗೆ ನಾನು ಉಪ್ಪಿಟ್ಟು ಕೊಟ್ಟೆ. ಮಂಜು ಡಿಕ್ಕಿಯಿಂದ ಡಬ್ಬ ತಂದು ಬಾಗಿಲ ಹೊರಗಿನ ಕಟ್ಟೆಯ ಮೇಲೆ ಇಟ್ಟಳು. ನಿಕಿತಾ ಒಂದು ಕಾಗದದಿಂದ ಕೇಸಿನ ನಂಬರು ನೋಡಿ ಫೋನಿನಲ್ಲಿ ಒತ್ತಿದಳು. ನೋಡಿದಳು. ಮತ್ತೆ ಒತ್ತಿ ನೋಡಿದಳು. ಚಮಚವನ್ನು ತಟ್ಟೆಯಲ್ಲಿ ಇಟ್ಟಳು.

"ಮಂಜುಶ್ರೀ, ಇದು ಮುಗಿದುಹೋಗಿದೆ. ಜನವರಿ ಹದಿಮೂರಕ್ಕೇ ವಜಾ ಮಾಡಿದ್ದಾರೆ. ನಿಮಗೆ ಲೆಟರ್ ಬರಲಿಲ್ವಾ?"

"ಇಲ್ರಿ. ಏನೂ ಬಂದಿಲ್ಲ."

"ಏನೂ ಬಂದಿಲ್ವಾ? ತೆಳ್ಳಗಿರುತ್ತೆ. ಒಂದೇ ಹಾಳೆ, ಎರಡು ಲೈನು."

ನನ್ನ ಕೈಯಲ್ಲಿ ನೀರಿನ ತಂಬಿಗೆ ಇತ್ತು. ಅದನ್ನು ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ.

ನಿಕಿತಾ ನಮಗೆ ಇಬ್ಬರಿಗೂ ತಿಳಿಯುವ ಹಾಗೆ ಹೇಳಿದಳು. ಆಯೋಗದವರು ರುದ್ರ ಹೇಗೆ ಸತ್ತ ಎಂದು ಮೊದಲು ನೋಡುವುದಿಲ್ಲ. ಈ ದೂರನ್ನು ಒಳಗೆ ತೆಗೆದುಕೊಳ್ಳಬಹುದೇ ಎಂದು ಮೊದಲು ನೋಡುತ್ತಾರೆ. ಈ ದೇಶದ ಎಲ್ಲ ಕೋರ್ಟುಗಳ ಬಾಗಿಲು ತಟ್ಟಿ ಬಂದಿರಬೇಕು. ಅದನ್ನು ಮಂಜು ಮಾಡಿದ್ದಳು. ಕೊನೆಯ ಕೋರ್ಟಿನ ತೀರ್ಮಾನ ತಿಳಿಸಿದ ದಿನದಿಂದ ಆರು ತಿಂಗಳ ಒಳಗೆ ಬಂದಿರಬೇಕು.

"ಜನವರಿ ಹದಿಮೂರರಿಂದ ಎಣಿಸಿದ್ರೆ ಜುಲೈ ಹದಿಮೂರಕ್ಕೆ ಮುಗೀತು. ಒಂದು ತಿಂಗಳು ಜಾಸ್ತಿ ಆಗಿದೆ" ಎಂದಳು.

ಮಂಜು ಕಟ್ಟೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಐದು ವರ್ಷ ಓಡ್ಯಾಡಿ, ಒಂದ ತಿಂಗಳಿಗೆ ಹೊಕ್ಕೈತೇನ್ರಿ?"

"ತಡೀರಿ. ಲೆಟರ್ ನಿಮಗೆ ತಲುಪೇ ಇಲ್ಲ ಅಂದ್ರೆ ದಾರಿ ಇದೆ. ಇವತ್ತೇ ಗೊತ್ತಾಯ್ತು, ಇವತ್ತಿಂದ ಎಣಿಸಿ ಅಂತ ಕೇಳೋಣ. ನೀವು ಪ್ರಮಾಣ ಮಾಡಿ ಬರೆದುಕೊಡ್ಬೇಕು, ಯಾವ ಕಾಗದವೂ ನಮ್ಮನೆಗೆ ಬಂದಿಲ್ಲ ಅಂತ. ಆದ್ರೆ ಅದು ನೂರಕ್ಕೆ ನೂರು ನಿಜ ಇರ್ಬೇಕು. ಸರ್ಕಾರದ ಲಾಯರ್‌ಗಳು ಬಿಡಲ್ಲ. ಬಂದಿತ್ತು ಅಂತ ಆಮೇಲೆ ಗೊತ್ತಾದ್ರೆ ಉಳಿದದ್ದನ್ನೂ ಯಾರೂ ನಂಬಲ್ಲ."

"ಬರದ ಕೊಡ್ತೀನ್ರಿ. ನನ್ನ ಗಂಡನ ಆಣಿ, ಬಂದಿಲ್ಲ."

ಅವಳು ರುದ್ರನ ಆಣೆ ಇಟ್ಟುಬಿಟ್ಟಳು. ನಾನು ಸುಮ್ಮನಿದ್ದರೆ ದಾರಿ ಇತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಅವಳು ಸತ್ತ ಗಂಡನ ಹೆಸರಿನಲ್ಲಿ, ತಿಳಿಯದೆ, ಸುಳ್ಳಿಗೆ ಸಹಿ ಮಾಡಲು ಹೊರಟಿದ್ದಳು.

ನಾನು ಒಳಗೆ ಹೋದೆ. ಮೊದಲ ಡಬ್ಬಿ ಅಗಸಿ ಚಟ್ನಿಯದು. ಪೇಪರಿನ ಮೇಲೆ ಬೋರಲು ಹಾಕಿ ತಳದ ಹಾಳೆ ತೆಗೆದೆ. ಏಪ್ರಿಲ್. ಗುರೆಳ್ಳು ಡಬ್ಬಿಯಲ್ಲಿ ಜೂನ್. ಖಾರಪುಡಿ ಸುರಿದಾಗ ಕೋಣೆಯೆಲ್ಲ ಘಾಟು ಎದ್ದು ಹೊರಗಿನವರು ಕೆಮ್ಮಿದರು.

"ಮಾಮಾ, ಏನ್ ಮಾಡಾಕ ಹತ್ತೀರಿ? ತಲಿ ಕೆಟ್ಟೈತೇನ್ ನಿಮಗ?" ಮಂಜು ಬಾಗಿಲಿಗೆ ಬಂದಳು.

"ಅಂಕಲ್, ಹುಷಾರಾಗಿದ್ದೀರಾ? ನೀವು ಸ್ವಲ್ಪ ಕೂತ್ಕೊಳಿ" ಎಂದಳು ನಿಕಿತಾ.

ನಾನು ಕೂರಲಿಲ್ಲ. ಜೋಳದ ಹಿಟ್ಟಿನ ದೊಡ್ಡ ಡಬ್ಬಿಯಲ್ಲಿ ಹಿಂದಿನ ವರ್ಷದ್ದು ಯಾವುದೋ ಇತ್ತು. ಮೆಂತ್ಯದಲ್ಲಿ ಮಾರ್ಚ್. ಒಂದು ಹಾಳೆಯನ್ನು ಮೇ ತಿಂಗಳಲ್ಲಿ ಒದ್ದೆಯಾಯಿತೆಂದು ಬಿಸಾಡಿದ್ದು ನೆನಪಿಗೆ ಬಂತು. ಅದು ಯಾವ ತಿಂಗಳದ್ದೆಂದು ನೆನಪಾಗಲಿಲ್ಲ. ಅರವತ್ತು ವರ್ಷದ ಹಿಂದಿನ ಕಾರ್ಡಿನ ಬಣ್ಣ ನೆನಪಿರುವ ತಲೆ ಅದೊಂದನ್ನು ಬಿಟ್ಟುಕೊಡಲಿಲ್ಲ. ಕೊನೆಗೆ ಉಳಿದದ್ದು ಶೇಂಗಾ ಚಟ್ನಿಯ ಡಬ್ಬಿ. ಪುಡಿ ಗಟ್ಟಿಯಾಗಿ ಕೂತಿತ್ತು, ಸುರಿಯಲಿಲ್ಲ. ಬೆರಳು ಹಾಕಿ ಕೆರೆದು ತೆಗೆದೆ. ತಳದಲ್ಲಿ ನಾಲ್ಕು ಮಡಿಕೆಯ ಹಾಳೆ, ಎಣ್ಣೆ ಕುಡಿದು ಆಚೆಯದು ಈಚೆ ಕಾಣುವಂತಾಗಿತ್ತು. ಬಿಡಿಸಿದೆ. ಶಿವಲಿಂಗದ ಸಣ್ಣ ಚಿತ್ರವಿರುವ ಚೌಕ. ಅದರಲ್ಲಿ ನನ್ನ ಪೆನ್ಸಿಲಿನ ಅಕ್ಷರ.

ಮಂಜುವಿನ ಕೈಗೆ ಕೊಟ್ಟೆ. ಅವಳು ಗಟ್ಟಿಯಾಗಿ ಓದಿದಳು.

"ಆರ್ಟೀಸಿಯಾ ಸುತ್ತಿ ರುದ್ರನ ಕಾಗದ ಬಂತು. ಎರಡು ಸಾಲು. ಹರಿದೆ."

ಅವಳು ಅದನ್ನೇ ಮತ್ತೆ, ದನಿ ಇಲ್ಲದೆ, ತುಟಿಯಲ್ಲೇ ಓದಿಕೊಂಡಳು.

"ಹರದ್ರಿ."

"ಸಾವಿನ ಕಾಗದ ಅಂದ್ಕೊಂಡ್ನವಾ. ಶಿವರಾತ್ರಿ ಇತ್ತು."

"ಹರದ್ರಿ, ಬರದ ಇಟ್ರಿ, ನನಗ ಹೇಳಲಿಲ್ಲ." ಅವಳ ದನಿ ಏರಲೇ ಇಲ್ಲ. "ನನ್ನ ಗಂಡ ಹನ್ನೊಂದು ತಾಸು ಕೂಗಿದ ಮಾಮಾ. ನೀವು ಆರು ತಿಂಗಳು ಬಾಯಿ ಮುಚ್ಚಿಕೊಂಡು ಕುಂತ್ರಿ. ಬಾಗಿಲ ಹೊರಗ ಕುಂತವರಿಗೂ ನಿಮಗೂ ಏನ್ರಿ ಫರಕು?"

ನಾನು ಬಗ್ಗಿ ನೆಲದ ಮೇಲೆ ಉರುಳಿದ್ದ ಡಬ್ಬಿಗಳನ್ನು ನೆಟ್ಟಗೆ ನಿಲ್ಲಿಸತೊಡಗಿದೆ.

ನಿಕಿತಾ ನೆಲದ ಮೇಲಿನ ಪುಡಿಗಳ ನಡುವೆ ಬಗ್ಗಿ ಕೂತು ಆ ಹಾಳೆಯ ಫೋಟೋ ತೆಗೆದಳು. ಹಿಂದೆ, ಮುಂದೆ, ಬೆಳಕಿಗೆ ಹಿಡಿದು. ಮಡಿಕೆಯ ಗೆರೆಯಲ್ಲಿ ಕೂತಿದ್ದ ಶೇಂಗಾ ಪುಡಿಯನ್ನು ಒರೆಸಲು ಹೋದ ನನ್ನ ಕೈ ತಡೆದಳು.

"ಮುಟ್ಬೇಡಿ ಅಂಕಲ್. ಈ ಎಣ್ಣೆ ಹೀಗೆ ಇಳಿಯಕ್ಕೆ ತಿಂಗಳುಗಟ್ಟಲೆ ಬೇಕು. ನಿನ್ನೆ ಕೂತು ಬರೆದದ್ದಲ್ಲ ಅಂತ ಅದೇ ಹೇಳುತ್ತೆ." ಆಮೇಲೆ ಮಂಜುವಿನ ಕಡೆ ತಿರುಗಿದಳು. "ಫೆಬ್ರುವರಿ ಇಪ್ಪತ್ತಾರರಿಂದ ಎಣಿಸಿದ್ರೆ ಆಗಸ್ಟ್ ಇಪ್ಪತ್ತಾರು. ಒಂಬತ್ತು ದಿನ ಇದೆ. ಲಕೋಟೆ ಇದ್ದಿದ್ರೆ ಎದೆ ತಟ್ಟಿ ಹೇಳ್ಬಹುದಿತ್ತು, ವಿಳಾಸ ಬದಲಾದಾಗ ಪೋಸ್ಟಿನವರು ಅಂಟಿಸೋ ಆ ಹಳದಿ ಚೀಟಿ ಒಂದೇ ಸಾಕಾಗ್ತಿತ್ತು. ಈಗ ಇರೋದು ಇದು, ಮತ್ತೆ ಅಂಕಲ್ ಮಾತು."

"ಇದನ್ನ ಒಪ್ಪತಾರೇನ್ರಿ? ಅಡಗಿ ಮನಿ ಕ್ಯಾಲೆಂಡರ್ ಹಾಳಿ?"

"ಗೊತ್ತಿಲ್ಲ" ಎಂದಳು ನಿಕಿತಾ.

ಆ ಒಂಬತ್ತು ದಿನ ಮಂಜು ನಾನು ಮಾಡಿದ ಅಡುಗೆ ಉಣ್ಣಲಿಲ್ಲ. ಕೆಲಸದಿಂದ ಬಂದು ಬ್ರೆಡ್ಡು ತಿಂದು ಕಂಪ್ಯೂಟರಿನ ಮುಂದೆ ಕೂರುತ್ತಿದ್ದಳು. ನಿಹಾರಿಕಾ ನಡುವೆ ಓಡಾಡುತ್ತಿತ್ತು. "ಅಮ್ಮ ಸೇಸ್ ಶಿ ಈಸ್ ನಾಟ್ ಹಂಗ್ರಿ, ಅಜ್ಜಾ" ಎಂದು ತಟ್ಟೆ ವಾಪಸು ತರುತ್ತಿತ್ತು. ನಾನು ಸುರಿದ ಪುಡಿಗಳನ್ನೆಲ್ಲ ಜರಡಿ ಹಿಡಿದು ಮತ್ತೆ ತುಂಬಿದೆ. ಡಬ್ಬಿಗಳ ತಳಕ್ಕೆ ಏನೂ ಹಾಸಲಿಲ್ಲ.

ಗುರುವಾರ ನಿಕಿತಾ ಫೋನಿನಲ್ಲಿ ನನ್ನ ಹೇಳಿಕೆಯನ್ನು ಕನ್ನಡದಲ್ಲಿ ಓದಿ ಹೇಳಿದಳು. ನಾನು, ಓಂಕಾರಪ್ಪ, ನಾಲ್ಕನೇ ತರಗತಿವರೆಗೆ ಓದಿದವನು, ಸದರಿ ಪತ್ರವನ್ನು ಹರಿದು ಹಾಕಿದ್ದೇನೆ. ನಮ್ಮಲ್ಲಿ ಸಾವಿನ ಪತ್ರವನ್ನು ಮನೆಯಲ್ಲಿ ಇಡುವ ಪದ್ಧತಿ ಇಲ್ಲ. ಮಂಜು ಪ್ರಿಂಟ್ ಮಾಡಿ ತಂದ ಹಾಳೆಯ ಕೆಳಗೆ ಕನ್ನಡದಲ್ಲಿ ಸಹಿ ಮಾಡಿದೆ. ಆಗಸ್ಟ್ ಇಪ್ಪತ್ತೈದು, ಸೋಮವಾರ, ಮಧ್ಯಾಹ್ನ ಎರಡು ಗಂಟೆಗೆ ಲಾಸ್ ಏಂಜಲೀಸಿನಲ್ಲಿ ನಿಕಿತಾ ಅರ್ಜಿ ಕಳಿಸಿದಳು. ಅರ್ಜಿ ತಲುಪಿದ್ದಕ್ಕೆ ಒಂದು ನಂಬರು ಬಂತು. ಮಂಜು ಅದನ್ನು ಆ ದಿನದ ಚೌಕದಲ್ಲಿ ಬರೆದಳು. ನನ್ನ ಪೆನ್ಸಿಲಿನಿಂದಲೇ ಬರೆದಳು, ನನ್ನ ಕಡೆ ನೋಡಲಿಲ್ಲ.

"ಮೊದಲ ಸಲ ತೆಗೆದು ನೋಡಕ್ಕೇ ಎರಡು ಮೂರು ವರ್ಷ ಆಗಬಹುದು" ಎಂದು ನಿಕಿತಾ ಹೇಳಿದ್ದಳು. ನಾನು ನನ್ನ ವಯಸ್ಸಿಗೆ ಮೂರು ಕೂಡಿಸಿ ನೋಡಿದೆ. ಸಾಕ್ಷಿ ಹೇಳುವವನು ನಾನೊಬ್ಬನೇ. ಅವತ್ತಿನಿಂದ ದಿನಾ ಬೆಳಿಗ್ಗೆ ಪೂಜೆಗೆ ಮುಂಚೆ ಆ ಲಕೋಟೆಯನ್ನು ನೆನಪು ಮಾಡಿಕೊಳ್ಳುತ್ತೇನೆ. ಚೀಟಿ ಬಲಗಡೆಗೆ ವಾಲಿತ್ತು. ಮೂಲೆ ಮಡಚಿಕೊಂಡಿತ್ತು.

ಆದರೆ ಈ ಫೆಬ್ರುವರಿಯಲ್ಲೇ ಪತ್ರ ಬಂತು. ಇಷ್ಟು ಬೇಗ ಬರುತ್ತದೆಂದು ತಾನೂ ಅಂದುಕೊಂಡಿರಲಿಲ್ಲ ಎಂದಳು ನಿಕಿತಾ. ಒಳಗೆ ತೆಗೆದುಕೊಂಡೆವು ಅಂತಲೂ ಇಲ್ಲ, ಇಲ್ಲ ಅಂತಲೂ ಇಲ್ಲ. ಒಂದು ಪ್ರಶ್ನೆ. ಪತ್ರ ಪಡೆದ ವ್ಯಕ್ತಿ ಅರ್ಜಿದಾರಳ ಜೊತೆ ಒಂದೇ ಮನೆಯಲ್ಲಿ ಇರುವವನು. ಸುಮಾರು ಆರು ತಿಂಗಳು ಆಕೆಗೆ ತಿಳಿಸದೆ ಇರಲು ಕಾರಣವೇನು? ವಿವರ ಕೊಡಿ.

"ಹರಿದದ್ದು ಯಾಕೆ ಅಂತ ಹೇಳಿದ್ದೀವಿ ಅಂಕಲ್. ಹೇಳದೇ ಇದ್ದದ್ದು ಯಾಕೆ ಅಂತ ಹೇಳಿಲ್ಲ. ಅದಕ್ಕೆ ಪದ್ಧತಿ ಅನ್ನಕ್ಕಾಗಲ್ಲ. ನಿಮ್ಮ ಮಾತಲ್ಲೇ ಬರೀರಿ. ಸರಿಯಾಗಿ ಬರೀದಿದ್ರೆ ಇಬ್ಬರೂ ಸೇರಿ ಕಟ್ಟಿದ ಕಥೆ ಅಂತಾರೆ, ಬಾಗಿಲು ಹಾಕ್ತಾರೆ."

ಮೂರು ದಿನ ಕೂತು ಪೆನ್ಸಿಲಿನಿಂದ ಬರೆದೆ. ಮೊದಲು ಒಂದು ಸಾಲು ಬರೆದೆ, ಮರೆತೆ ಅಂತ. ಮರೆತಿರಲಿಲ್ಲ, ಅದನ್ನು ಹೊಡೆದು ಹಾಕಿದೆ. ಹೆದರಿದೆ ಅಂತ ಬರೆದೆ. ಅದೂ ಪೂರ್ತಿ ನಿಜವಲ್ಲ. ಕೊನೆಗೆ ನಿಂಬೆ ಎಲೆಯಿಂದ ಶುರು ಮಾಡಿದೆ.

ನನ್ನ ಅಕ್ಷರ ನಿಕಿತಾಗೆ ಓದಲು ಬರುವುದಿಲ್ಲ. ಭಾನುವಾರ ಸಂಜೆ ಮಂಜು ಹಾಳೆಗಳನ್ನು ಮುಂದೆ ಇಟ್ಟುಕೊಂಡು ಇಂಗ್ಲಿಷಿನಲ್ಲಿ ಟೈಪ್ ಮಾಡತೊಡಗಿದಳು. ನಾನು ಹಿಂದೆ ಕೂತು ಅವರೆಕಾಳು ಬಿಡಿಸುತ್ತಿದ್ದೆ. ಕೀಲಿಗಳ ಸದ್ದು ಒಂದು ಕಡೆ ನಿಂತಿತು.

"ಮಾಮಾ. ಅವತ್ತ ನಾ ನಕ್ಕಿದ್ನೇನ್ರಿ?"

"ನಕ್ಕಿದ್ದಿ."

"ನನಗ ನೆನಪಿಲ್ರಿ."

"ನನಗ ಐತಿ."

ಅವಳು ಹಾಳೆಯನ್ನು ಹತ್ತಿರ ಹಿಡಿದು ನೋಡಿದಳು. "ಗಂಡನ್ನ ಕಳಕೊಂಡಾಕಿ ನಗತಿದ್ಲು ಅಂತ ಅವರೆಲ್ಲಾ ಓದ್ತಾರ. ಆ ಕಡೆ ವಕೀಲರೂ ಓದ್ತಾರ."

"ಅಳಸ್ತೀನಿ ಕೊಡವಾ. ಬ್ಯಾರೆ ಏನರ ಬರೀತೀನಿ."

ನಾನು ರಬ್ಬರಿಗೆ ಕೈ ಚಾಚಿದೆ. ಅವಳು ಹಾಳೆಯ ಮೇಲೆ ಅಂಗೈ ಇಟ್ಟಳು. ಬಹಳ ಹೊತ್ತು ಹಾಗೇ ಇಟ್ಟುಕೊಂಡಿದ್ದಳು. ಪಕ್ಕದ ಕೋಣೆಯಲ್ಲಿ ನಿಹಾರಿಕಾ ಯಾರೊಡನೆಯೋ ಫೋನಿನಲ್ಲಿ ಮಾತಾಡುತ್ತಿತ್ತು.

"ಬ್ಯಾರೆ ಬರದ್ರ ಸುಳ್ಳಾಕ್ಕೈತಿ" ಎಂದಳು. ಬೆರಳುಗಳನ್ನು ಮತ್ತೆ ಕೀಲಿಗಳ ಮೇಲೆ ಇಟ್ಟಳು. "ಎಷ್ಟೊತ್ತಿಗೆ ನಕ್ಕಿದ್ದೆ? ವೇಳೆ ಕೇಳ್ತಾರ ಅವರು."

"ಸಂಜಿ ಆರೂವರಿ. ದೀಪಕ್ಕ ಎಣ್ಣಿ ಹಾಕಿದ್ದಿ, ಆಮ್ಯಾಲೆ."

ಆರೂವರೆ ಎಂದು ಟೈಪ್ ಮಾಡಿದಳು. ಆಮೇಲೆ ತಿರುಗದೆಯೇ ಒಂದು ಕೈ ಹಿಂದೆ ಚಾಚಿ, ನನ್ನ ಮುಂದಿನ ಮೊರದಿಂದ ಒಂದು ಹಿಡಿ ಅವರೆಕಾಯಿ ತೆಗೆದುಕೊಂಡು, ಓದುತ್ತ ಓದುತ್ತ ಬಿಡಿಸತೊಡಗಿದಳು.